ಪೂರ್ವಕ್ಕೆ ಮುಖವಿಟ್ಟ ಗಾಜು

ಹುಕ್ಕೇರಿಯ ಚರ್ಚಾಸ್ಪರ್ಧೆಯಲ್ಲಿ ನನಗೆ ಎಲ್ಲರಿಗಿಂತ ಕಡಿಮೆ ಅಂಕ ಕೊಟ್ಟ ತೀರ್ಪುಗಾರರು ನಮ್ಮ ಕಾಲೇಜಿನವರೇ. ಬೆಳಗಿನ ಸುತ್ತಿನಲ್ಲಿ ನಾನು ವಿಜ್ಞಾನದ ಪರವಾಗಿ ಮಾತಾಡಿದ್ದೆ. ಮಧ್ಯಾಹ್ನ ಚೀಟಿ ಎತ್ತಿದಾಗ ಅದೇ ವಿಷಯಕ್ಕೆ ವಿರೋಧ ಪಕ್ಷ ಬಂತು. ಬೆಳಿಗ್ಗೆ ಕಟ್ಟಿದ ಗೋಡೆಯನ್ನು ಮಧ್ಯಾಹ್ನ ನಾನೇ ಕೆಡವಿದೆ. ಉಳಿದಿಬ್ಬರು ತೀರ್ಪುಗಾರರ ದೆಸೆಯಿಂದ ಬಹುಮಾನವೇನೋ ಬಂತು. ಆದರೂ ಗೆದ್ದವರಿಗೆ ಒಪ್ಪದವನ ಮುಖವೇ ಕಾಡುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಅವರನ್ನು ತಡೆದು ಕೇಳಿದೆ.

"ಸರ್, ನನಗ ಯಾಕ ಕಡಿಮಿ ಕೊಟ್ರಿ?"

"ಬೆಳಗ್ಗೆ ಒಂದ ಹೇಳಿದಿ, ಮಧ್ಯಾಹ್ನ ಅದರ ಉಲ್ಟಾ ಹೇಳಿದಿ. ಎರಡೂ ಚಲೋ ಹೇಳಿದಿ. ಅದರಾಗ ಖರೆ ಯಾವದು ಅಂತ ನಿನಗರೆ ಗೊತ್ತಿತ್ತೇನು?"

"ಅದನ್ನ ಯಾರು ಕೇಳಿದ್ರಿ? ವಾದ ಮಾಡು ಅಂದ್ರಿ, ಮಾಡಿದ್ನಿ."

"ಬರೋಬರಿ ಅಂದಿ, ವಕೀಲಬಾಯಿ," ಎಂದು ನಕ್ಕರು. ಆಮೇಲೆ ಎದುರಿಗೆ ಬಂದು ನಿಂತ ಬಸ್ಸಿನ ಕಡೆ ನೋಡಿ, ನಗು ಆರಿದ ದನಿಯಲ್ಲಿ, "ಆ ಬೋರ್ಡಿನ ಮ್ಯಾಲ ಏನಂತ ಬರದಾರ, ಸ್ವಲ್ಪ ಓದ ತಂಗಿ," ಎಂದರು.

ಬೋರ್ಡಿನ ಮೇಲೆ ಅಂಗೈಯಗಲದ ಅಕ್ಷರಗಳಲ್ಲಿ ಗೋಕಾಕ ಎಂದು ಬರೆದಿತ್ತು.

ಅವರು ನಮಗೆ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಮೂಡಲಗಿಯವರು. ಪುಣೆಯ ಒಂದು ಪ್ರಯೋಗಾಲಯದಲ್ಲಿ ಕೆಲವು ವರ್ಷ ಸಂಶೋಧನೆ ಮಾಡಿ, ಅರ್ಧಕ್ಕೇ ನೌಕರಿ ಹಿಡಿದು ಗೋಕಾಕಕ್ಕೆ ಬಂದಿದ್ದರು. ಉಳಿದರ್ಧವನ್ನು ನಮ್ಮ ಕಾಲೇಜಿನ ಹಿಂದಿನ ಸಾಮಾನಿನ ಕೋಣೆಯಲ್ಲಿ ಮುಗಿಸುತ್ತಿದ್ದಾರೆಂದು ಎಲ್ಲರಿಗೂ ಗೊತ್ತಿತ್ತು. ಪ್ಲಾಸ್ಟಿಕ್ಕಿನ ವಿಷಯ ಎಂಬುದರಾಚೆ ಏನು ಮುಗಿಸುತ್ತಿದ್ದಾರೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ನಮ್ಮ ವರ್ಗದ ಹುಡುಗರು ಅವರಿಗೆ "ಪ್ಲಾಸ್ಟಿಕ್ ಸ್ವಾಮಿ" ಎಂದು ಹೆಸರಿಟ್ಟಿದ್ದರು. ಅರವತ್ತರ ದಶಕದ ನಡುವಿನ ಆ ವರ್ಷಗಳಲ್ಲಿ ಗೋಕಾಕದ ಪೇಟೆಗೆ ಪ್ಲಾಸ್ಟಿಕ್ ಬಕೀಟು ಆಗಷ್ಟೇ ಬರತೊಡಗಿತ್ತು. ಅದರ ಮೇಲೆ ಒಬ್ಬ ಮನುಷ್ಯ ಪುಸ್ತಕ ಬರೆಯುತ್ತಾನೆ ಎಂದರೆ ನಗು ಬರುವಂಥದೇ.

ಹುಕ್ಕೇರಿಯಿಂದ ಬಂದ ವಾರದಲ್ಲೇ ಅವರು ನನ್ನನ್ನು ಆ ಕೋಣೆಗೆ ಕರೆದರು. ಪೂರ್ವದ ಕಿಟಕಿಗೆ ಕರಿ ಕಂಬಳಿ ಹೊದಿಸಿತ್ತು. ಮೇಜಿನ ಮೇಲೆ ಸೂಕ್ಷ್ಮದರ್ಶಕ, ಅದರ ಬುಡದಲ್ಲಿ ಒಂದು ವಿದ್ಯುತ್ ದೀಪ, ಹರಳಾದ ಕಡೆ ಬಿಟ್ಟು ಉಳಿದೆಡೆ ಆ ಬೆಳಕನ್ನು ತಡೆಯುವ ಎರಡು ಸೋಸುಗಾಜು, ಗಾಜಿಡುವ ಜಾಗದಲ್ಲಿ ಊರಿನ ಬೋಗಾರನ ಕೈಯಲ್ಲಿ ಮಾಡಿಸಿದ ಹಿತ್ತಾಳೆಯ ಪುಟ್ಟ ಪೆಟ್ಟಿಗೆ. ಅದರೊಳಗೆ ಬಿಸಿನೀರು ಹರಿಸಿದರೆ ಮೇಲಿನ ಗಾಜು ಬಿಸಿಯಾಗುತ್ತದೆ, ತಣ್ಣೀರು ಬೆರೆಸಿದರೆ ಆರುತ್ತದೆ. ಗಾಜಿನ ನಡುವೆ ಒಂದು ಬಿಳಿಯ ವಸ್ತುವಿನ ತೆಳು ಪದರ. ಪಾಲಿಎಥಿಲೀನ್ ಆಕ್ಸೈಡ್ ಅಂತ ಅದರ ಹೆಸರು. ಸ್ನಾನದ ನೀರಿಗಿಂತ ತುಸು ಹೆಚ್ಚಿನ ಬಿಸಿಗೇ ಕರಗುವ ಸಾಧು ಪದಾರ್ಥ. ಪುಣೆಯಿಂದ ಬರುವಾಗ ಅವರ ಗುರುಗಳು ಒಂದು ಡಬ್ಬಿಯಲ್ಲಿ ಕೊಟ್ಟು ಕಳಿಸಿದ್ದು.

"ನೋಡು. ಏನ ಕಾಣಸ್ತದ ಹೇಳು. ನಾ ಏನೂ ಹೇಳೂದಿಲ್ಲ," ಎಂದರು.

ಮೊದಲು ಬರೀ ಕತ್ತಲೆ. ಅವರು ನೀರು ತಣಿಸಿದರು. ಕತ್ತಲೆಯಲ್ಲಿ ಸಾಸಿವೆಯಷ್ಟು ಬೆಳಕಿನ ಚುಕ್ಕೆ ಹುಟ್ಟಿತು. ಅದು ಸದ್ದಿಲ್ಲದೆ ಹರಡಿ ದುಂಡನೆಯ ಬಿಲ್ಲೆಯಾಯಿತು. ಬಿಲ್ಲೆಯ ಮೇಲೆ ಕೂಡಿಸುವ ಚಿಹ್ನೆಯಂತೆ ಒಂದು ಕಪ್ಪು ಗುರುತು. ಅಷ್ಟರಲ್ಲಿ ಇನ್ನೊಂದು ಕಡೆ ಇನ್ನೊಂದು ಚುಕ್ಕೆ, ಮತ್ತೊಂದು. ಬೆಳೆಯುತ್ತ ಬೆಳೆಯುತ್ತ ಒಂದನ್ನೊಂದು ಮುಟ್ಟಿದ ಕಡೆ ನೆಟ್ಟಗೆ ಗೆರೆ ಎಳೆದುಕೊಂಡು ನಿಂತವು, ಹೊಲಕ್ಕೆ ಹೊಲ ಕೂಡುವ ಕಡೆ ಬದು ಇದ್ದಂತೆ. ನಾನು ಉಸಿರು ಹಿಡಿದು ನೋಡಿದೆ. ಚಂದ ಎಂದು ಹೇಳಲಿಲ್ಲ. ಹೇಳಿದರೆ ಸೋತಂತೆ ಎಂದು ಆಗ ನನಗೆ ಅನ್ನಿಸುತ್ತಿತ್ತು.

ಅವರು ತಿಳಿಸಿ ಹೇಳಿದರು. ನಮ್ಮ ಮನೆ ಗೋಕಾಕ ಫಾಲ್ಸ್‌ನ ಗಿರಣಿ ಚಾಳಿನಲ್ಲಿ, ಅಪ್ಪ ನೂಲಿನ ಖಾತೆಯಲ್ಲಿ ಎಂದು ಗೊತ್ತಿದ್ದುದರಿಂದ ನೂಲಿನ ಮಾತನ್ನೇ ಆಡಿದರು. ಪಾಲಿಮರ್ ಎಂದರೆ ಬಲು ಉದ್ದದ ಎಳೆಗಳು. ಕರಗಿದಾಗ ಅವು ರಾಶಿಗೆ ಬಿದ್ದ ಸಿಕ್ಕುನೂಲು. ತಣಿಯುವಾಗ ಎಳೆಗಳು ಮಡಚಿ ಮಡಚಿ ಲಡಿಯಾಗಲು ನೋಡುತ್ತವೆ. ಆದರೆ ಸಿಕ್ಕು ಪೂರ್ತಿ ಬಿಡುವುದಿಲ್ಲ. ಹಾಗಾಗಿ ಅರ್ಧ ಲಡಿ, ಅರ್ಧ ಸಿಕ್ಕು. ಅರೆಸ್ಫಟಿಕ. ಉಪ್ಪಿನ ಹರಳಿನ ಹಾಗೆ ಪೂರ್ಣವಲ್ಲ, ಗಾಜಿನ ಹಾಗೆ ಶೂನ್ಯವೂ ಅಲ್ಲ.

"ಈಗ ನನ್ನ ಪ್ರಮೇಯ ಕೇಳು," ಎಂದರು. "ಇದನ್ನ ಮತ್ತ ಕರಗಿಸಿ, ಹೆಚ್ಚ ಕಾಯಿಸದಂಗ ತಣಿಸಿದ್ರ, ಚುಕ್ಕಿ ಮೊದಲ ಹುಟ್ಟಿದ ಜಾಗದಾಗ ಹುಟ್ಟತಾವು. ಕರಗಿದ್ದಕ್ಕ ತನ್ನ ಹಳೇ ಜಾಗದ ನೆನಪ ಇರತೈತಿ. ಜೋರಾಗಿ ಕಾಯಿಸಿದ್ರ ಅಷ್ಟ ಮರೀತೈತಿ."

"ನೆನಪಾ? ಜಡವಸ್ತುವಿಗಾ?" ನಾನು ಸುಮ್ಮನಿರುವವಳಲ್ಲ. "ನೆನಪ ಇರಾಕ ತಲಿ ಬೇಕಲ್ರಿ ಸರ್."

"ಅದಕ್ಕ ನಿನ್ನ ಕರದೇನಿ. ನೀ ನಂಬೂದಿಲ್ಲ."

ಅಷ್ಟು ಹೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ಕಣ್ಣಿನ ಹಿಂದಿನ ಪರದೆ ಸವೆಯುತ್ತಿತ್ತು. ದೊಡ್ಡ ಊರಿನ ಕಣ್ಣಿನ ಡಾಕ್ಟರು ಔಷಧವಿಲ್ಲ ಎಂದು ಹೇಳಿ ಕಳಿಸಿದ್ದರು. ನೋಟದ ಬದಿಗಳು ಆಗಲೇ ಹೋಗಿ, ಕೊಳವೆಯಲ್ಲಿ ನೋಡಿದಂತೆ ನಡುವಿನದಷ್ಟೇ ಕಾಣುತ್ತಿತ್ತು. ಅದು ದುಃಖ ನಿಜ. ಆದರೆ ಅವರ ಭಯ ಬೇರೆಯೇ ಇತ್ತು. ಆ ರೋಗದಲ್ಲಿ ಕತ್ತಲಿಗೆ ಕಣ್ಣಿಟ್ಟರೆ ಇಲ್ಲದ ಕಿಡಿಗಳು ಮಿನುಗುತ್ತವೆಯಂತೆ, ಅದೂ ನೋಟದ ಅದೇ ಅದೇ ಜಾಗದಲ್ಲಿ.

"ಅದೇ ಜಾಗದಾಗ ಹುಟ್ಟತಾವು ಅಂತ ವರ್ಷಗಟ್ಟಲೆ ಬರಕೊಂಡೇನಿ," ಎಂದರು. "ಅವು ಗಾಜಿನಾಗ ಹುಟ್ಟಿದ್ವೋ, ನನ್ನ ಕಣ್ಣಾಗ ಹುಟ್ಟಿದ್ವೋ? ಅದನ್ನ ನೀ ಹೇಳಬೇಕು. ಪ್ರಬಂಧ ಒಪ್ಪಿಸೂ ಮೊದಲ ಹೇಳಬೇಕು."



ಮರುದಿನದಿಂದ ಪ್ರಶ್ನೆಗಳನ್ನು ಹೊಂದಿಸಿಕೊಂಡು ಹೋದೆ. ನಾನು ನೋಡಿದರೆ ಅದು ನನ್ನ ಕಣ್ಣಿನ ಮಾತಾಯಿತು; ವರ್ಷಗಟ್ಟಲೆ ಕಂಡು ಬರೆದದ್ದು ಅವರ ಕಣ್ಣು, ಪರೀಕ್ಷೆ ಆಗಬೇಕಾದದ್ದು ಅದಕ್ಕೆ. ಕಣ್ಣು ಅತ್ತಿತ್ತ ಕದಲಿಸಿ ನೋಡಬಾರದೇಕೆ? ಕಣ್ಣಿನ ಕಿಡಿಯಾದರೆ ಕಣ್ಣಿನ ಜೊತೆ ಓಡುತ್ತದಲ್ಲ. "ಕದಲಿಸಿದ್ರ ಎಲ್ಲಾ ಕಳಕೋತೇನಿ, ಮತ್ತ ಜಾಗ ಹುಡಕಾಕ ಆಗೂದಿಲ್ಲ." ಚುಕ್ಕೆ ಬಿಲ್ಲೆಯಾಗುವ ತನಕ ಕಾಯಬಾರದೇಕೆ? ಕಿಡಿ ಬೆಳೆಯುವುದಿಲ್ಲವಲ್ಲ. "ಬೆಳದಂಗ ಬೆಳಕ ಹೆಚ್ಚಾಗತೈತಿ. ಆವಾಗ ನನಗ ಎಲ್ಲಾ ಹಾಲಿನ್ಯಾಗ ಮುಳಗಿದಂಗ." ಅವರು ಸಿಡುಕದೆ ಒಂದೊಂದಕ್ಕೂ ಉತ್ತರ ಕೊಟ್ಟರು. ಒಮ್ಮೆಯಂತೂ ನನ್ನದೇ ಪ್ರಶ್ನೆಯನ್ನು ನನಗಿಂತ ಚೂಪು ಮಾಡಿ ತಿರುಗಿ ನನಗೇ ಕೇಳಿದರು.

ಆ ತಿಂಗಳಲ್ಲೇ ನಮ್ಮ ಮನೆಯಲ್ಲೊಂದು ಅನಾಹುತವಾಯಿತು. ಅಕ್ಕ ಬಾಣಂತನಕ್ಕೆ ಬಂದಿದ್ದಳು. ಅವ್ವ ಅವಳಿಗೆಂದು ಕರದಂಟು ಮಾಡಲು ಕೂತಳು. ಅಂಟು ಹುರಿದು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ ಎಲ್ಲ ಸಿದ್ಧಮಾಡಿ ಬೆಲ್ಲದ ಪಾಕ ಏರಿಸಿದಳು. ತುಪ್ಪ ಸವರಿದ ಪರಾತದಲ್ಲಿ ಹರವುವುದು ವಾಡಿಕೆ. ಆದರೆ ಅಪ್ಪ ಗಿರಣಿಗೆ ಬಂದ ಯಂತ್ರದ ಭಾಗಕ್ಕೆ ಸುತ್ತಿದ್ದ ಪಾಲಿಥೀನ್ ಹಾಳೆಯೊಂದನ್ನು ತಂದಿದ್ದ. ಹೊಸ ಸಾಮಾನು, ತೊಳೆದರೆ ಸ್ವಚ್ಛ. ತುಪ್ಪ ಉಳಿಯುತ್ತದೆಂದು ಅವ್ವ ಪರಾತಕ್ಕೆ ಅದನ್ನೇ ಹಾಸಿ ಮೇಲೆ ಸುರಿದಳು. ಪಾಕ ಕುದಿಯುವ ನೀರಿಗಿಂತ ಬಿಸಿ. ಮಬ್ಬಾಗಿದ್ದ ಹಾಳೆ ನೋಡನೋಡುತ್ತ ತಿಳಿಯಾಗಿ, ಕಾಣದಂತಾಯಿತು.

"ಹಾಳಿ ಎಲ್ಲಿ ಹೋತಬೇ?" ಎಂದು ಅವ್ವ ಕಿರುಚಿದಳು.

"ಕರದಂಟಿನ್ಯಾಗ," ಎಂದೆ.

"ಬಾಯಿ ಮಾಡಬ್ಯಾಡ. ನಿಮ್ಮ ಸಾಲ್ಯಾಗ ಇದನ್ನ ಓದಸಂಗಿಲ್ಲೇನು? ಮೊದಲ ಹೇಳಾಕ ಬರತಿರಲಿಲ್ಲ?"

ಅಪ್ಪ ಬಾಗಿಲಲ್ಲಿ ನಿಂತು, "ನನಗ ಹೇಳಿದ್ರ ತುಪ್ಪಾನ ತರತಿದ್ನಿ," ಎಂದು ಯಾರಿಗೂ ತಾಗದಂತೆ ನುಡಿದು ಪಾಳಿಯ ಭೋಂಗಾ ಕೂಗಿತೆಂದು ಗಿರಣಿಗೆ ನಡೆದುಬಿಟ್ಟ. ಅಷ್ಟೂ ಕರದಂಟು ಹಾಳಾಯಿತು. ಅವ್ವ ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಆದರೆ ಆರಿದ ಹಾಳೆಯನ್ನು ಅಂಚಿನಿಂದ ಬಿಡಿಸುವಾಗ ನಾನೊಂದು ಸಂಗತಿ ಕಂಡೆ. ನಡುವೆ, ಪಾಕ ದಪ್ಪವಾಗಿ ಬಿದ್ದ ಕಡೆ, ಹಾಳೆ ಕರಗಿ ನುಣ್ಣಗೆ ಹೊಸದಾಗಿತ್ತು. ಅಂಚಿನಲ್ಲಿ, ಬಿಸಿ ಸಾಲದ ಕಡೆ, ಗಿರಣಿಯಲ್ಲಿ ಮಡಚಿದ್ದ ಹಳೆಯ ಮಡಿಕೆಗಳು ಹಾಗೆಯೇ ಇದ್ದವು.

ಆ ತುಂಡನ್ನು ಒಯ್ದು ಅವರ ಮೇಜಿನ ಮೇಲೆ ಇಟ್ಟೆ. "ಸರ್, ಇದು ನೆನಪಲ್ಲ. ಅಂಚಿನ್ಯಾಗ ಪೂರಾ ಕರಗಿಲ್ಲ, ಅಷ್ಟ. ನಿಮ್ಮ ಗಾಜಿನಾಗೂ ಹಂಗ. ಕಣ್ಣಿಗೆ ಕಾಣಲಾರದಷ್ಟು ಚೂರು ಕರಗಲಾರದ ಉಳದಿರತಾವು. ಅದನ್ನ ಹಿಡಕೊಂಡ ಮತ್ತ ಬೆಳೀತಾವು. ಅದಕ್ಕ ನೆನಪ ಅಂತ ದೊಡ್ಡ ಹೆಸರ ಯಾಕ?"

ಅವರು ತುಂಡನ್ನು ಬೆರಳಿನಿಂದ ಸವರಿದರು. ಮಡಿಕೆಯ ಗೆರೆಯ ಮೇಲೆ ಬೆರಳು ನಿಂತಿತು.

"ಮತ್ತ ನೆನಪಂದ್ರ ಏನಂತ ತಿಳದಿ? ಕರಗಲಾರದ ಉಳದದ್ದ ಅಲ್ಲೇನು?"

ಆ ಸುತ್ತಿನಲ್ಲಿ ಯಾರು ಗೆದ್ದರೆಂದು ನನಗೆ ಈಗಲೂ ತಿಳಿಯದು. ಅವರು ಮಾತ್ರ ಕರದಂಟಿನ ಕಥೆ ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ಕೋಣೆಯಲ್ಲಿ ಅಷ್ಟು ದೊಡ್ಡ ನಗು ಮತ್ತೆ ಕೇಳಲಿಲ್ಲ.

ಅವರದೊಂದು ಪದ್ಧತಿ ಇತ್ತು. ಪ್ರತಿ ಗಾಜಿನ ಒಂದು ಮೂಲೆಗೆ ಸುಣ್ಣದ ಬೊಟ್ಟು ಇಡುತ್ತಿದ್ದರು. ಆ ಬೊಟ್ಟು ಯಾವಾಗಲೂ ಪೂರ್ವಕ್ಕೆ, ಕಂಬಳಿ ಹೊದಿಸಿದ ಕಿಟಕಿಯ ಕಡೆಗೇ ಇರಬೇಕು. ಎಷ್ಟು ಸಲ ತೆಗೆದಿಟ್ಟರೂ ಹಾಗೇ. ಹಾಗಿದ್ದರೆ ತಾನೆ ನಿನ್ನೆಯ ಜಾಗ, ಇಂದಿನ ಜಾಗ ಹೋಲಿಸಲು ಬರುವುದು? ತಪ್ಪೇನೂ ಇಲ್ಲದ ಪದ್ಧತಿ. ನಾನು ಚುಡಾಯಿಸುತ್ತಿದ್ದೆ: "ಸರ್, ದೇವರ ಕ್ವಾಣ್ಯಾಗ ದೀಪದ ಸಮೆ ಇಟ್ಟಂಗ ಇಡತೀರಲ್ರಿ." ಅವರು, "ಕೆಲಸದಾಗ ಇಷ್ಟರೆ ಮಡಿ ಬೇಕವಾ," ಎನ್ನುತ್ತಿದ್ದರು.

ಒಂದು ದಿನ ಫಾಲ್ಸ್‌ನಿಂದ ಗೋಕಾಕಕ್ಕೆ ಬರುವ ಬಸ್ಸಿನಲ್ಲಿ ನಿಂತಿದ್ದಾಗ ನನಗೆ ಚರ್ಚೆಯ ಹಳೆಯ ವರಸೆ ನೆನಪಾಯಿತು. ಎದುರಾಳಿಯ ಮಾತು ಗಟ್ಟಿಯೋ ಟೊಳ್ಳೋ ತಿಳಿಯಬೇಕಾದರೆ ಪಕ್ಷ ಬದಲಿಸಿ ನೋಡಬೇಕು. ಗಾಜನ್ನು ತಿರುಗಿಸಿದರೆ? ಗಾಜಿನಲ್ಲಿರುವುದು ಗಾಜಿನ ಜೊತೆ ತಿರುಗುತ್ತದೆ. ಕಣ್ಣಿನಲ್ಲಿರುವುದು ಇದ್ದಲ್ಲೇ ಇರುತ್ತದೆ. ಬೊಟ್ಟು ಪೂರ್ವಕ್ಕೇ ಇರಬೇಕೆಂಬ ನೇಮದಿಂದಾಗಿ ಇಷ್ಟು ವರ್ಷವೂ ಈ ಒಂದು ಪರೀಕ್ಷೆ ನಡೆಯದೆ ಉಳಿದಿತ್ತು.

ಅವರಿಗೆ ಹೇಳಿಯೇ ಮಾಡಬಹುದಿತ್ತು. ಆದರೆ ಹೇಳಿದರೆ ಅವರ ಕಣ್ಣಿಗಿಂತ ಮೊದಲು ಅವರ ಬುದ್ಧಿ ನೋಡುತ್ತದೆ. ಹೋಗಿ ಇಷ್ಟೇ ಕೇಳಿದೆ: "ಸರ್, ನಾ ಒಂದ ಪರೀಕ್ಷಾ ಮಾಡತೇನಿ. ಏನಂತ ಮೊದಲ ಹೇಳೂದಿಲ್ಲ. ನಡೀತೈತೇನ್ರಿ?"

"ನನಗ ಹೇಳಲಾರದ ಏನ ಮಾಡಿದ್ರೂ ನಡೀತೈತಿ. ಮಾಡಿದ ಮ್ಯಾಲ ಮಾತ್ರ ಏನೂ ಮುಚ್ಚಿಡಬ್ಯಾಡ."

ಮೊದಲು ಎಂದಿನಂತೆ ಬೊಟ್ಟು ಪೂರ್ವಕ್ಕಿಟ್ಟು ಕರಗಿಸಿ ತಣಿಸಿದೆವು. ಅವರು ನೋಡಿ, ಚುಕ್ಕೆ ಹುಟ್ಟುತ್ತಿದ್ದಂತೆ ನಾಲ್ಕು ಜಾಗ ಹೇಳಿದರು. ಒಂದು ಮೇಲೆ ಅಂಚಿನ ಹತ್ತಿರ, ಒಂದು ಬಲಕ್ಕೆ ತುಸು ಒಳಗೆ, ಒಂದು ನಡುವಿಗೆ ಹತ್ತಿರ, ಒಂದು ಎಡಕ್ಕೆ ಸ್ವಲ್ಪ ಕೆಳಗೆ. ಮತ್ತೆ ಬಿಸಿನೀರು ಹರಿಸಿದೆ. ಅವರು ಮುಖ ತೊಳೆಯಲು ಹೊರಗೆ ಹೋದಾಗ ಗಾಜನ್ನು ಕಾಲು ಸುತ್ತು ತಿರುಗಿಸಿದೆ. ಸುಣ್ಣದ ಬೊಟ್ಟು ದಕ್ಷಿಣಕ್ಕೆ ಬಂತು.

ಅವರು ಬಂದು ಕೂತು ಕಣ್ಣಿಟ್ಟರು. ನೀರು ತಣಿಸಿದೆ.

"ಇವತ್ತ ಏನೋ ಗಡಬಡ ಆಗೇತಿ," ಎಂದರು. "ಮ್ಯಾಲಿಂದು, ಬಲಕ್ಕಿಂದು ಅಲ್ಲಿ ಇಲ್ಲ. ಬ್ಯಾರೆ ಎಲ್ಲೋ ಹುಟ್ಯಾವು. ಹೆಚ್ಚ ಕಾದತೇನೋ, ಮರತಾವು." ದನಿ ಕುಗ್ಗಿತ್ತು. ಆಮೇಲೆ ಒಮ್ಮೆಲೇ ಗೆಲುವಾಯಿತು. "ಆದ್ರ ಎರಡ ಹಂಗ ಅದಾವ ನೋಡು! ನಡುವಿಂದು, ಮತ್ತ ಎಡಕ್ಕ ಸ್ವಲ್ಪ ಕೆಳಗಿಂದು. ಒಂದ ಕೂದಲೆಳಿ ಸುದ್ದಾ ಕದಲಿಲ್ಲ. ಇವ ನೋಡು ಖರೆ. ಇವ ಎರಡ ಇದ್ರ ಸಾಕು, ನನ್ನ ಪ್ರಮೇಯ ನಿಂತತಿ."

ನಾನು ವೇದಿಕೆಗಳಲ್ಲಿ ಎಷ್ಟೋ ಜನರ ಮಾತನ್ನು ಎರಡು ತುಂಡು ಮಾಡಿದವಳು. ಆ ಹೊತ್ತಿನಲ್ಲಿ ಸುಮ್ಮನಿರುವುದು ಎಷ್ಟು ಸುಲಭವಿತ್ತು! ಸುಮ್ಮನಿದ್ದರೆ ಪ್ರಬಂಧ ಹೋಗುತ್ತಿತ್ತು, ಅವರು ಡಾಕ್ಟರ್ ಎನ್ನಿಸಿಕೊಳ್ಳುತ್ತಿದ್ದರು, ಪುಣೆಯಲ್ಲಿ ಕೂತ ಪರೀಕ್ಷಕರು ಗೋಕಾಕದ ಈ ಕತ್ತಲೆ ಕೋಣೆಗೆ ಬಂದು ನೋಡುವವರಲ್ಲ. ಆದರೆ ಅವರು ನನ್ನನ್ನು ಕರೆದದ್ದು ನಾನು ನಂಬದವಳೆಂದು. ಕರುಣೆಯಿಂದ ನಂಬಿಬಿಟ್ಟರೆ ಆ ಕೋಣೆಯಲ್ಲಿ ನನಗೇನು ಕೆಲಸ?

"ಸರ್," ಎಂದೆ. "ಗಾಜ ತಿರಗಿಸೇನ್ರಿ."

ಅವರು ಕಣ್ಣು ತೆಗೆಯಲಿಲ್ಲ. "ಎಷ್ಟ?"

"ಕಾಲು ಸುತ್ತು. ಬೊಟ್ಟ ದಕ್ಷಿಣಕ್ಕ ಐತಿ."

ದೀಪದ ಸಣ್ಣ ಗುಂಯ್ ಸದ್ದು ಕೇಳುತ್ತಿತ್ತು. ಹೊರಗೆ ಹುಡುಗರು ಯಾರಿಗೋ ಕೂಗು ಹಾಕಿ ಓಡಿಹೋದರು. ಅವರು ನಿಧಾನವಾಗಿ ತಲೆ ಎತ್ತಿದರು. ಆದರೆ ನನ್ನ ಕಡೆ ನೋಡದೆ ಕಂಬಳಿಯ ಕಡೆ ನೋಡಿದರು.

"ಹಂಗಾರ ಕದಲಲಾರದವು ಕಣ್ಣಿನವು."

"ಹೂಂ ಸರ್."

"ಕದಲಿದವು?"

ಆಗ ನಾನು ಕಣ್ಣಿಟ್ಟೆ. ಮೇಲಿನದು ಗಾಜಿನ ಜೊತೆ ತಿರುಗಿ ಬಲ ಅಂಚಿನ ಹತ್ತಿರ ಬಂದಿತ್ತು, ಬಲದ್ದು ಕೆಳಕ್ಕೆ. ಎರಡೂ ಆಗಲೇ ಬಿಲ್ಲೆಯಾಗಿ ಅರಳುತ್ತಿದ್ದವು. ನಡುವಿನಲ್ಲಿ ಬರೀ ಕತ್ತಲೆ. ಎಡಕ್ಕೆ, ಸ್ವಲ್ಪ ಕೆಳಗೆ, ಬರೀ ಕತ್ತಲೆ. ಕಂಡದ್ದನ್ನು ಕಂಡಂತೆ ಹೇಳಿದೆ.

"ಅಂದ್ರ ಅದಕ್ಕ ನೆನಪ ಐತಿ," ಎಂದರು.

"ಪೂರಾ ಕರಗಿಲ್ಲ, ಅಷ್ಟ," ಎಂದೆ. ಅವರ ತುಟಿಯ ಮೇಲೆ ನಗುವಿನಂಥದೊಂದು ಬಂದು ಹೋಯಿತು.

ಪ್ರಮೇಯ ನಿಜವಿತ್ತು. ಅದನ್ನು ನೋಡಿದ ಕಣ್ಣು ಸುಳ್ಳಾಗಿತ್ತು. ಇವೆರಡೂ ಒಟ್ಟಿಗೆ ಇರಬಹುದು ಎಂದು ನನಗೆ ಯಾವ ಚರ್ಚಾಸ್ಪರ್ಧೆಯೂ ಕಲಿಸಿರಲಿಲ್ಲ. ಕಣ್ಣು ಕೆಡತೊಡಗಿದ ಮೇಲೆ ಕಂಡದ್ದನ್ನೆಲ್ಲ ಅವರು ಪ್ರಬಂಧದಿಂದ ತೆಗೆದರು. ಇಂಥದು ಖರೆ, ಇಂಥದು ಸುಳ್ಳು ಎಂದು ಆರಿಸುವ ದಾರಿ ಇರಲಿಲ್ಲವಲ್ಲ. ನಾನು ವಾದ ಮಾಡಿದೆ. ಉಳಿದ ತಿಂಗಳುಗಳಲ್ಲಿ ಎಲ್ಲವನ್ನೂ ನನ್ನ ಕಣ್ಣಿನಿಂದ ಮತ್ತೆ ನೋಡಿಬಿಡೋಣ ಎಂದೆ. ಕೆಲವನ್ನು ನೋಡಿದೆವು ಕೂಡ. ಜೋರಾಗಿ ಕಾಯಿಸಿದ ಗಾಜಿನಲ್ಲಿ ಚುಕ್ಕೆಗಳು ಹಳೆಯ ಜಾಗ ಬಿಟ್ಟು ಎಲ್ಲೆಲ್ಲೋ ಹುಟ್ಟಿದವು. ಒಂದು ಮಾತ್ರ ಎಷ್ಟು ಕಾಯಿಸಿದರೂ ಹಳೆಯ ಜಾಗದಲ್ಲೇ.

"ಅದು ಧೂಳು," ಎಂದರು. "ಎಲ್ಲಾ ಮರತ ಮ್ಯಾಲೂ ಉಳೀತಂದ್ರ ಅದು ನೆನಪಲ್ಲ, ಕಸ."

ಆದರೆ ಪ್ರಬಂಧಕ್ಕೆ ಅಷ್ಟು ಸಾಲಲಿಲ್ಲ, ಡಬ್ಬಿಯ ಪುಡಿಯೂ ಮುಗಿಯುತ್ತ ಬಂದಿತ್ತು. ನನ್ನ ಕಣ್ಣಿನ ಮೇಲೆ ತಮ್ಮ ಹೆಸರು ಹಾಕಿಕೊಳ್ಳಲು ಅವರು ಒಪ್ಪಲಿಲ್ಲ. ಆ ವರ್ಷ ಮುಗಿಯುತ್ತಲೇ ನೌಕರಿ ಬಿಟ್ಟು ಮೂಡಲಗಿಯ ಅಕ್ಕನ ಮನೆಗೆ ಹೋದರು.

ದೀಪಾವಳಿಯ ರಜೆಯಲ್ಲಿ ನಾನು ಮೂಡಲಗಿಗೆ ಹೋದೆ. ಅವರ ಅಕ್ಕ ನನ್ನನ್ನು ಬಾಗಿಲಲ್ಲೇ ತಡೆದು ಮೆಲ್ಲಗೆ ಹೇಳಿದರು: "ಬಾರವಾ. ಒಂದ ಮಾತು. ಒಳಗ ಏನೂ ಕದಲಸಬ್ಯಾಡ. ಕೋಲು, ಚರಗಿ, ಕನ್ನಡಕ, ಎಲ್ಲಾ ಇದ್ದಲ್ಲೇ ಇರಬೇಕು ಅವಗ. ಒಂದೀಟ ಸರದ್ರೂ ಕೈಗೆ ಸಿಗೂದಿಲ್ಲ."

ಅವರು ಪಡಸಾಲೆಯಲ್ಲಿ ಕೂತಿದ್ದರು. ನನ್ನ ಹೆಜ್ಜೆಯಿಂದಲೇ ಗುರುತಿಸಿ, "ಏನ ವಕೀಲಬಾಯಿ, ಇವತ್ತ ಯಾವ ಪಕ್ಷ?" ಎಂದರು. ಎಂ.ಎಸ್ಸಿ.ಗೆ ಅರ್ಜಿ ಹಾಕುವವಳಿದ್ದೇನೆ ಎಂದು ಹೇಳಿದೆ. ಯಾವ ವಿಷಯ ಎಂದು ಕೇಳಲಿಲ್ಲ, ಅವರಿಗೆ ಗೊತ್ತಿತ್ತು. ಅಕ್ಕ ಇಬ್ಬರಿಗೂ ಚಹಾ ತಂದರು. ತಮ್ಮನ ಬಟ್ಟಲನ್ನು ಚಾಪೆಯ ಬಲ ಅಂಚಿಗೆ, ಎಂದಿನ ಜಾಗದಲ್ಲಿ ಇಟ್ಟು ಹೋದರು. ನಾನು ಕಾಲು ಮಡಚಿ ಕೂರುವಾಗ ಸೆರಗು ತಾಗೀತೆಂದು ಆ ಬಟ್ಟಲನ್ನು ಎತ್ತಿ ಚಾಪೆಯ ಆಚೆ ಬದಿಗೆ, ನೆಲದ ಮೇಲೆ ಇಟ್ಟೆ. ಮಾತಿನ ಗಡಿಬಿಡಿಯಲ್ಲಿ ಮರಳಿ ಇಡಲಿಲ್ಲ.

ಮಾತಾಡುತ್ತಲೇ ಅವರು ಕೈ ಚಾಚಿದರು. ಬರೀ ಚಾಪೆ ಸಿಕ್ಕಿತು. ಬೆರಳುಗಳು ಅಲ್ಲೇ ಒಂದೆರಡು ಸಲ ಹುಡುಕಾಡಿ ನಿಂತವು.

"ತಿರಗಿಸಿದಿ," ಎಂದರು.

ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಬಟ್ಟಲನ್ನು ಹಳೆಯ ಜಾಗಕ್ಕೆ ತರಲು ಬಗ್ಗಿದೆ. ನನ್ನ ಬಳೆಯ ಸದ್ದು ಕೇಳಿ ಅವರು ಕೈಯಿಂದ ತಡೆದರು.

"ಬ್ಯಾಡ. ಅಲ್ಲೇ ಇರಲಿ. ಎಲ್ಲೈತಿ ಹೇಳು."

"ಎಡಕ್ಕ ಸರ್," ಎಂದೆ. "ಸ್ವಲ್ಪ ಕೆಳಗ."

ಅವರ ಕೈ ಗಾಳಿಯಲ್ಲಿ ಒಂದು ಗಳಿಗೆ ನಿಂತಿತು. ಆಮೇಲೆ ಎಡಕ್ಕೆ ಹೋಯಿತು, ಸ್ವಲ್ಪ ಕೆಳಗೆ ಇಳಿಯಿತು, ಬಿಸಿ ಬಟ್ಟಲನ್ನು ಮುಟ್ಟಿತು.

"ಇದು ಖರೆ ಐತಿ," ಎಂದು ಚಹಾ ಎತ್ತಿಕೊಂಡರು.